ಹೈಟಿಯವರ ಹಾಗಲ ಕಷಾಯ ಮತ್ತು ಸಕ್ಕರೆ ಕಾಯಿಲೆ

ಹಾಗಲಕಾಯಿ ರಸ ಕುಡಿದರೆ ಶುಗರ್ ಇಳಿಯುತ್ತದೆ ಎಂಬ ಮಾತನ್ನು ನೀವು ಮನೆಯಲ್ಲೇ ಕೇಳಿರುತ್ತೀರಿ. ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲೂ ಇದೇ ನಂಬಿಕೆಯಿದೆ. ಅವರು ಹಾಗಲಬಳ್ಳಿಯನ್ನು 'ಅಸೋಸಿ' ಎನ್ನುತ್ತಾರೆ, ಅದರ ಎಲೆಯನ್ನು ಕುದಿಸಿ ಕುಡಿಯುತ್ತಾರೆ. ಬಡತನ, ಸರ್ವಾಧಿಕಾರ, 2010ರ ಜನವರಿ 12ರ ಭೂಕಂಪ ಹೀಗೆ ನಾನಾ ಕಾರಣಗಳಿಂದ ಊರು ಬಿಟ್ಟ ಹೈಟಿಯವರು ಅಮೆರಿಕದ ಮಯಾಮಿ, ಬ್ರೂಕ್ಲಿನ್, ಬೋಸ್ಟನ್ ಹಾಗೂ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ್ದಾರೆ. ಆ ಕಷಾಯವೂ ಅವರ ಜೊತೆ ಅಲ್ಲಿಗೆ ಹೋಗಿದೆ. ಅವರಲ್ಲಿ ಮಧುಮೇಹಕ್ಕೆ ಚಿಕಿತ್ಸೆ ನೀಡುವಾಗ ವೈದ್ಯರು ಎದುರಿಸುವ ತೊಡಕುಗಳು ನಮಗೂ ಪಾಠವಾಗಬಲ್ಲವು.

ಕಾಯಿಲೆ ಹೇಗೆ ಬಂತು?

ಹೈಟಿಯವರ ಕ್ರಿಯೋಲ್ ಭಾಷೆಯಲ್ಲೂ ಮಧುಮೇಹಕ್ಕೆ 'ಸಿಕ್', ಅಂದರೆ ಸಕ್ಕರೆ ಎಂದೇ ಹೆಸರು. ಆದರೆ ಅದು ಬರುವ ಕಾರಣವನ್ನು ಹಲವರು ಬೇರೆ ರೀತಿಯಲ್ಲಿ ವಿವರಿಸುತ್ತಾರೆ. ಸಾವಿನ ಸುದ್ದಿ, ಹೆದರಿಕೆ, ತೀವ್ರ ಕೋಪ ಇವುಗಳಿಂದ ರಕ್ತ ಕೆಡುತ್ತದೆ, ಕಾಯಿಲೆ ಬರುತ್ತದೆ ಎಂದು ಅವರು ನಂಬುತ್ತಾರೆ. ಈ ಆಘಾತಕ್ಕೆ ಅವರಲ್ಲಿ 'ಸೆಜಿಸ್ಮಾನ್' ಎಂಬ ಹೆಸರಿದೆ.

ಇದನ್ನು ನಕ್ಕು ತಳ್ಳಿಹಾಕಬೇಡಿ. ತೀವ್ರ ಮನೋವೇದನೆಯಲ್ಲಿ ದೇಹ ಸ್ರವಿಸುವ ಹಾರ್ಮೋನುಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಯುನಾನಿ ವೈದ್ಯಶಾಸ್ತ್ರವೂ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನು ಎಣಿಸುತ್ತದೆ. ಆದರೆ ಸಾಮಾನ್ಯ ಮಧುಮೇಹ, ಅಂದರೆ ಎರಡನೇ ವಿಧದ್ದು, ಒಂದೇ ದಿನದ ಆಘಾತದಿಂದ ಹುಟ್ಟುವುದಿಲ್ಲ. ವಂಶದ ಗುಣ, ಹೊಟ್ಟೆಯ ಬೊಜ್ಜು, ದೈಹಿಕ ಶ್ರಮದ ಕೊರತೆ ಇವು ಸೇರಿ ವರ್ಷಗಟ್ಟಲೆ ಅದನ್ನು ಬೆಳೆಸುತ್ತವೆ.

'ಆಘಾತವೆಂಬುದೆಲ್ಲ ಸುಳ್ಳು' ಎಂದು ವೈದ್ಯರು ಹೇಳಿಬಿಟ್ಟರೆ ರೋಗಿ ಮತ್ತೆ ಬಾರದೇ ಹೋಗಬಹುದು. 'ನಿಮ್ಮ ದುಃಖ ಸಕ್ಕರೆಯನ್ನು ಏರಿಸಿರಬಹುದು, ಆದರೆ ಬೇರು ಹಳೆಯದು' ಎಂದರೆ ಮಾತು ಮುಂದುವರಿಯುತ್ತದೆ.

ಊಟದ ತಟ್ಟೆ

ಹೈಟಿಯವರ ಮುಖ್ಯ ಊಟ ಕಾಳು ಬೆರೆಸಿದ ಅನ್ನ. ಜೊತೆಗೆ ಚಪ್ಪಟೆ ಮಾಡಿ ಎರಡು ಸಲ ಕರಿದ ಬಾಳೆಕಾಯಿ. ಪ್ರತಿ ಜನವರಿ 1ರಂದು ಕುಂಬಳಕಾಯಿಯ 'ಸೂಪ್ ಜೂಮೂ' ಮಾಡುತ್ತಾರೆ. 1804ರ ಅದೇ ದಿನ ಹೈಟಿ ಫ್ರೆಂಚರಿಂದ ಸ್ವತಂತ್ರವಾಯಿತು. ಗುಲಾಮರಾಗಿದ್ದಾಗ ತಮಗೆ ನಿಷಿದ್ಧವಾಗಿದ್ದ ಸೂಪನ್ನು ಅವರು ಸ್ವಾತಂತ್ರ್ಯದ ಗುರುತಾಗಿ ಕುಡಿಯುತ್ತಾರೆ. 2021ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಅಡುಗೆಯನ್ನು ಬಿಟ್ಟುಬಿಡಿ ಎಂದರೆ ಯಾರು ಕೇಳುತ್ತಾರೆ? ಅದರಲ್ಲಿ ಆಲೂಗಡ್ಡೆ, ಪಾಸ್ತಾ ಕಡಿಮೆ ಮಾಡಿ ಎಲೆಕೋಸು ಹೆಚ್ಚಿಸಬಹುದು. ಅನ್ನ ಕಡಿಮೆ, ಕಾಳು ಜಾಸ್ತಿ ಹಾಕಬಹುದು. ಬಾಳೆಕಾಯಿಯನ್ನು ಕರಿಯುವ ಬದಲು ಬೇಯಿಸಿ, ತುಸುವೇ ತಿನ್ನಬಹುದು.

ದೇಹತೂಕದ ಮಾತು ಇನ್ನೂ ಸೂಕ್ಷ್ಮ. ಹಸಿವು, ಕ್ಷಯ, ಏಡ್ಸ್ ಕಂಡ ನಾಡಿನಲ್ಲಿ ಸೊರಗುವುದೆಂದರೆ ರೋಗ ಅಥವಾ ಬಡತನ, ಮೈತುಂಬಿಕೊಳ್ಳುವುದೆಂದರೆ ಸುಖ. ಹಾಗಾಗಿ ಎಷ್ಟು ಇಳಿಸಬೇಕೆಂದು ಲೆಕ್ಕ ಹೇಳಬೇಕು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಮಧುಮೇಹದ ಅಂಚಿನಲ್ಲಿದ್ದವರಿಗೆ ತೂಕದಲ್ಲಿ ಶೇ. 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಶ್ರಮ ಎಂಬ ಗುರಿಯಿಟ್ಟಿತು. ಅವರಲ್ಲಿ ಮಧುಮೇಹ ಬರುವ ಸಂಭವ ಶೇ. 58ರಷ್ಟು ಕಡಿಮೆಯಾಯಿತು. 80 ಕಿಲೋ ತೂಗುವವರಿಗೆ ಇದು ಐದೂವರೆ ಕಿಲೋದಷ್ಟೇ. ಅಷ್ಟಕ್ಕೆ ಯಾರೂ ಬಡಕಲಾಗುವುದಿಲ್ಲ.

ಬಚ್ಚಿಟ್ಟ ಕಷಾಯದ ಅಪಾಯ

ಗಿಡಮೂಲಿಕೆಗಳೊಂದಿಗೇ ಕೆಲಸ ಮಾಡುವ ನಾನು ಹಾಗಲವನ್ನು ಹಗುರವಾಗಿ ಕಾಣುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಒಂದು ಗಿಡವೇ. ಆದರೆ ಗುಣವಿರುವ ಮೂಲಿಕೆಗೆ ಅಪಾಯವೂ ಇದೆ. ವೈದ್ಯರು ಬೈಯುತ್ತಾರೆಂದು ರೋಗಿ ಕಷಾಯದ ವಿಷಯ ಮುಚ್ಚಿಡುತ್ತಾನೆ. ವೈದ್ಯರು ಮಾತ್ರೆಯ ಪ್ರಮಾಣ ಏರಿಸುತ್ತಾರೆ. ಎರಡೂ ಸೇರಿದರೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವುದೂ ಆಗಬಹುದು. ಕಷಾಯವನ್ನೇ ನಂಬಿ ಔಷಧಿ ಬಿಟ್ಟರೆ ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಹಾಳಾಗುತ್ತವೆ.

ಇನ್ಸುಲಿನ್ ವಿಷಯದಲ್ಲೂ ಹೀಗೇ. ಅದನ್ನು ಚುಚ್ಚಿಸಿಕೊಂಡ ಮೇಲೆಯೇ ನೆಂಟರ ಕಾಲು ತೆಗೆದರು, ಕಣ್ಣು ಹೋಯಿತು ಎಂಬ ಭಯ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಕಾಲು ಹೋಗುವುದು ಇನ್ಸುಲಿನ್‌ನಿಂದಲ್ಲ, ಅದನ್ನು ತಡಮಾಡಿದ್ದರಿಂದ.

ಯಾರು ಹೇಳಬೇಕು?

ಹೈಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ರಿಯೋಲ್ ಮಾತನಾಡುತ್ತಾರೆ, ಫ್ರೆಂಚ್ ಬಲ್ಲವರು ಕಡಿಮೆ. ಫ್ರೆಂಚ್ ಕರಪತ್ರ ಕೊಟ್ಟರೆ ಅದು ಹಲವರ ಕೈಯಲ್ಲೇ ಉಳಿಯುತ್ತದೆ. ಕ್ರಿಯೋಲ್ ರೇಡಿಯೊ, ಚರ್ಚಿನ ಕೂಟ, ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯ ಮಾತು ಮನೆಯೊಳಗೆ ತಲುಪುತ್ತದೆ. ಡಾ. ಪಾಲ್ ಫಾರ್ಮರ್ ಮತ್ತು ಸಂಗಡಿಗರು ಹೈಟಿಯ ಕಾಂಜ್ ಎಂಬ ಊರಿನಲ್ಲಿ ಕ್ಷಯ ಮತ್ತು ಏಡ್ಸ್ ರೋಗಿಗಳಿಗಾಗಿ ಊರವರನ್ನೇ ತರಬೇತುಗೊಳಿಸಿದ್ದರು. ಅವರು ರೋಗಿಯ ಮನೆಗೆ ಹೋಗಿ ಔಷಧಿ ಕೊಡುತ್ತಿದ್ದರು, ಕಷ್ಟಸುಖ ವಿಚಾರಿಸುತ್ತಿದ್ದರು. ಜೀವನಪೂರ್ತಿ ಜೊತೆಗಿರುವ ಮಧುಮೇಹಕ್ಕೂ ಇಂಥ ಸಂಗಾತಿ ಬೇಕು.

ನಿಮ್ಮ ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ವಾರ ಒಂದು ಕೆಲಸ ಮಾಡಿ. ಅವರು ಕುಡಿಯುವ ರಸ, ಕಷಾಯ, ಪುಡಿ, ನುಂಗುವ ಮಾತ್ರೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿರಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ, ಅವರು ಯಾವ ಪದ್ಧತಿಯವರಾದರೂ ಸರಿ, ಆ ಚೀಟಿಯನ್ನು ಮೊದಲು ಅವರ ಮುಂದಿಡಿ.