ಅಜ್ಜಿಯ ಫುಟ್‌ಪಾತು, ಮೊಮ್ಮಗಳ ಸೈಕಲ್ಲು



ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನ್ನ ತಾಯಿ ದಿನವೂ ಸಂಜೆ ದೇವಸ್ಥಾನಕ್ಕೆ ನಡೆದು ಹೋಗಿಬರುತ್ತಿದ್ದರು. ಒಂದು ದಿನ ಫುಟ್‌ಪಾತಿನ ಮೇಲೆ ಹಿಂದಿನಿಂದ ಬಂದ ಸೈಕಲ್ಲಿನ ಹ್ಯಾಂಡಲ್ ತಗುಲಿ, ಅವರು ಪಕ್ಕದ ಕಾಂಪೌಂಡ್ ಗೋಡೆಗೆ ವಾಲಿದರು. ಮೂಳೆ ಮುರಿಯಲಿಲ್ಲ, ಅಷ್ಟೇ ಪುಣ್ಯ. ಆದರೆ ಮರುದಿನದಿಂದ ಸಂಜೆಯ ನಡಿಗೆ ನಿಂತಿತು. ಎರಡು ವಾರವೂ ಕಳೆದಿರಲಿಲ್ಲ, ಪಿ.ಯು.ಸಿ. ಓದುತ್ತಿರುವ ನನ್ನ ಮಗಳು ಮೊಣಕಾಲು ತರಚಿಕೊಂಡು ಮನೆಗೆ ಬಂದಳು. ಬಸ್ಸೊಂದು ಎಡಕ್ಕೆ ಒತ್ತಿದಾಗ ಬೇರೆ ದಾರಿ ಕಾಣದೆ ಸೈಕಲ್ಲನ್ನು ಫುಟ್‌ಪಾತಿಗೆ ಹತ್ತಿಸಿದ್ದಳು. ಅಲ್ಲಿ ನಡೆಯುತ್ತಿದ್ದ ಹಿರಿಯರೊಬ್ಬರಿಂದ ಬೈಗುಳವೂ ಸಿಕ್ಕಿತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ತಾಯಿ, "ಫುಟ್‌ಪಾತ್ ಮೇಲೆ ಸೈಕಲ್ ಓಡಿಸೋರಿಗೆ ದಂಡ ಹಾಕ್ಬೇಕು ಕಣಪ್ಪ" ಎಂದರು. ಮಗಳು ತಲೆ ತಗ್ಗಿಸಿ, "ಅಜ್ಜಿ, ಇವತ್ತು ಹಾಗೆ ಓಡಿಸಿದವಳು ನಾನೇ" ಎಂದಳು.

ಇಬ್ಬರಲ್ಲಿ ಯಾರದು ತಪ್ಪು? ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಮಾತು ಕೊನೆಗೆ "ನಮ್ಮ ಜನಕ್ಕೆ ಶಿಸ್ತಿಲ್ಲ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಡೆಯುವವರು ಸೈಕಲ್ಲಿನವರನ್ನು, ಸೈಕಲ್ಲಿನವರು ಸ್ಕೂಟರಿನವರನ್ನು, ಸ್ಕೂಟರಿನವರು ಕಾರಿನವರನ್ನು ದೂರುತ್ತಾರೆ. ಶಿಸ್ತು ಬೇಕು, ನಿಜ. ಆದರೆ ಒಂದೇ ರಸ್ತೆಯಲ್ಲಿ ಸಾವಿರಾರು ಜನ ಒಂದೇ ಬಗೆಯ ತಪ್ಪು ಮಾಡುತ್ತಿದ್ದರೆ, ಆ ಜನರನ್ನಷ್ಟೇ ಅಲ್ಲದೆ ಆ ರಸ್ತೆಯನ್ನೂ ಪ್ರಶ್ನಿಸಬೇಕಾಗುತ್ತದೆ. ಅದನ್ನು ಹೇಗೆ ಪ್ರಶ್ನಿಸುವುದು ಎಂಬುದನ್ನು ಈಗ ನೋಡೋಣ.

ಯಾರಲ್ಲಿ ಎಷ್ಟು ಶಕ್ತಿ?

ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ನೀವು ಶಾಲೆಯಲ್ಲಿ ಕಲಿತ ಈ ಸೂತ್ರವನ್ನು ರಸ್ತೆಗೆ ತನ್ನಿ.

60 ಕಿಲೋ ತೂಕದ ವ್ಯಕ್ತಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವಾಗ ಆತನ ಚಲನಶಕ್ತಿ ಸುಮಾರು 58 ಜೂಲ್. ಅದೇ ವ್ಯಕ್ತಿ 20 ಕಿಲೋ ತೂಕದ ಸೈಕಲ್ ಏರಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದರೆ ಸುಮಾರು 700 ಜೂಲ್. 110 ಕಿಲೋ ತೂಕದ ಸ್ಕೂಟರಿನಲ್ಲಿ 30 ಕಿ.ಮೀ. ವೇಗದಲ್ಲಿ ಸಾಗಿದರೆ ಸುಮಾರು 5,900 ಜೂಲ್. ಪ್ರಯಾಣಿಕರೂ ಸೇರಿ 1,200 ಕಿಲೋ ತೂಗುವ ಕಾರು 40 ಕಿ.ಮೀ. ವೇಗದಲ್ಲಿದ್ದರೆ ಸುಮಾರು 74,000 ಜೂಲ್.

ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ನಡಿಗೆಯಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಸ್ಕೂಟರಿಗೆ, ಸ್ಕೂಟರಿನಿಂದ ಕಾರಿಗೆ ಪ್ರತಿ ಮೆಟ್ಟಿಲಲ್ಲೂ ಶಕ್ತಿ ಹೆಚ್ಚುಕಡಿಮೆ ಹತ್ತು ಪಟ್ಟು ಏರುತ್ತದೆ. ಬಸ್ಸಿನ ಮುಂದೆ ನನ್ನ ಮಗಳು ಎಷ್ಟು ಅಸಹಾಯಕಳೋ, ಸೈಕಲ್ಲಿನ ಮುಂದೆ ನನ್ನ ತಾಯಿಯೂ ಹೆಚ್ಚುಕಡಿಮೆ ಅಷ್ಟೇ ಅಸಹಾಯಕರು. ಮೇಲಿನ ಮೆಟ್ಟಿಲಿನವರ ವಿಷಯದಲ್ಲಿ ದೂರುವ ನಾವು ಕೆಳಗಿನ ಮೆಟ್ಟಿಲಿನವರಿಗೆ ಅದನ್ನೇ ಮಾಡುತ್ತೇವೆ. ಹೆಚ್ಚು ಶಕ್ತಿ ಹೊತ್ತು ಬರುವವರ ಹೊಣೆಯೂ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಸರಳವಾದ ಆಧಾರ ಬೇಕಿಲ್ಲ.

ಇನ್ನೊಂದು ಲೆಕ್ಕ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲು ಒಂದು ಸೆಕೆಂಡಿನಲ್ಲಿ 4 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಫುಟ್‌ಪಾತಿನ ಪಕ್ಕದ ಗೇಟಿನಿಂದ ಮಗುವೊಂದು ಹೊರಗೆ ಕಾಲಿಟ್ಟರೆ ಬ್ರೇಕ್ ಹಿಡಿಯುವ ಮೊದಲೇ ಆ ದೂರ ಮುಗಿದಿರುತ್ತದೆ. ವೇಗವನ್ನು 5 ಕಿ.ಮೀ.ಗೆ ಇಳಿಸಿದರೆ ಚಲನಶಕ್ತಿ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅಷ್ಟು ನಿಧಾನವಾದಾಗ ಸೈಕಲ್ಲು ಓಲಾಡುತ್ತದೆ, ಸಮತೋಲನ ಕಷ್ಟ. ಆದ್ದರಿಂದ ಫುಟ್‌ಪಾತಿಗೆ ಹೋಗಲೇಬೇಕಾಗಿ ಬಂದರೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿಯಾದ ಮಾರ್ಗ.

ನಲವತ್ತು ಅಡಿಯ ಲೆಕ್ಕ

ಹಾಗಾದರೆ ಮಗಳು ರಸ್ತೆಯಲ್ಲೇ ಹೋಗಬಹುದಿತ್ತಲ್ಲ? ಅಲ್ಲಿ ಅವಳಿಗೆ ಜಾಗವಿತ್ತೇ?

ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವ 40 ಅಡಿ ರಸ್ತೆಯನ್ನು ತೆಗೆದುಕೊಳ್ಳಿ. ಅದು ಸುಮಾರು 12.2 ಮೀಟರ್. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಎರಡೂ ಬದಿಗೆ 3.6 ಮೀಟರ್ ಕಳೆದರೆ ಉಳಿಯುವುದು 8.6. ಎರಡೂ ಬದಿಯಲ್ಲಿ ಕಾರು ನಿಂತರೆ ಒಂದೊಂದಕ್ಕೆ 2 ಮೀಟರಿನಂತೆ 4 ಮೀಟರ್ ಹೋಯಿತು. ಉಳಿದದ್ದು 4.6. ಎದುರುಬದುರಾಗಿ ಬರುವ ಎರಡು ಕಾರುಗಳು ಆರಾಮವಾಗಿ ಹಾಯಲು 5.5 ಮೀಟರ್ ಬೇಕು. ಕಾರುಗಳಿಗೇ ಜಾಗ ಸಾಲದು ಎಂದಮೇಲೆ ಸೈಕಲ್ಲಿಗೆ ಎಲ್ಲಿಂದ ಬರಬೇಕು?

ಮೇಲಿನ ಲೆಕ್ಕ ಕಾಗದದ ಮೇಲಿನದು. ವಾಸ್ತವದಲ್ಲಿ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್, ಮರ, ಬೋರ್ಡು, ಮನೆಯ ಮುಂದಿನ ಇಳಿಜಾರು, ಎದ್ದು ನಿಂತ ಮೋರಿಯ ಚಪ್ಪಡಿ ಎಲ್ಲವೂ ಇರುತ್ತವೆ. ನಡೆಯುವವರು ರಸ್ತೆಗೆ ಇಳಿಯುತ್ತಾರೆ, ಸೈಕಲ್ಲಿನವರು ಫುಟ್‌ಪಾತಿಗೆ ಏರುತ್ತಾರೆ. ಉಳಿಕೆಯ ಒಂದು ಮೀಟರಿಗಾಗಿ ಇವರಿಬ್ಬರು ಜಗಳವಾಡುತ್ತಿರುವಾಗ, 4 ಮೀಟರನ್ನು ಆಕ್ರಮಿಸಿ ನಿಂತಿರುವ ಕಾರುಗಳ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬಹುಶಃ ಅವು ಚಲಿಸದೆ ಇರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲವೇನೋ.

ಈಗ ಒಂದು ಬದಿಯ ಕಾರು ನಿಲುಗಡೆಯನ್ನು ತೆಗೆದು, ಮೋಟಾರು ವಾಹನಗಳಿಗೆ ಏಕಮುಖ ಸಂಚಾರ ಮಾಡಿ ನೋಡಿ. 8.6ರಲ್ಲಿ ನಿಲುಗಡೆಗೆ 2, ವಾಹನಗಳಿಗೆ 3.5 ಕೊಟ್ಟರೂ ಸೈಕಲ್ಲಿಗೆ 3.1 ಮೀಟರ್ ಉಳಿಯುತ್ತದೆ. ರಸ್ತೆ ಒಂದಂಗುಲವೂ ಅಗಲವಾಗಲಿಲ್ಲ. ಹಂಚಿಕೆ ಮಾತ್ರ ಬದಲಾಯಿತು.

ಕಾನೂನು ಏನನ್ನುತ್ತದೆ?

ಸೈಕಲ್ಲು ಮೋಟಾರು ವಾಹನವಲ್ಲ. ಆದ್ದರಿಂದ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದಕ್ಕೆ ಲೈಸೆನ್ಸಾಗಲಿ ವಿಮೆಯಾಗಲಿ ಬೇಕಿಲ್ಲ. ಆ ಕಾಯಿದೆಯಡಿ 1989ರಲ್ಲಿ ಬಂದ ರಸ್ತೆ ನಿಯಮಗಳು, ಫುಟ್‌ಪಾತ್ ಅಥವಾ ಸೈಕಲ್ ಪಥ ಇರುವಲ್ಲಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿಯಿಲ್ಲದೆ ಅದರ ಮೇಲೆ ವಾಹನ ಓಡಿಸಕೂಡದೆಂದು ಹೇಳಿದ್ದವು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದವು. ಫುಟ್‌ಪಾತ್, ಸೈಕಲ್ ಪಥಗಳ ಮೇಲೆ ವಾಹನ ನಿಲ್ಲಿಸುವುದನ್ನು ಅವು ನಿಷೇಧಿಸಿವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿತು.

ಹಾಗೆಂದು ಹೂವು, ತರಕಾರಿ ಮಾರುವವರನ್ನೆಲ್ಲ ಎಬ್ಬಿಸಿಬಿಟ್ಟರೆ ಸರಿಹೋಗುತ್ತದೆಂದು ಭಾವಿಸಬೇಡಿ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರ ಕಾಯಿದೆಯೇ ಇದೆ. ಎಲ್ಲಿ ಕೂರಬಹುದು, ಎಲ್ಲಿ ಕೂಡದು ಎಂಬುದನ್ನು ನಿರ್ಧರಿಸುವಲ್ಲಿ ಸಲಹೆ ನೀಡುವ ಪಟ್ಟಣ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರಬೇಕೆಂದು ಅದು ಹೇಳುತ್ತದೆ. ನಡೆಯುವವರ ಹಕ್ಕು, ಮಾರುವವರ ಹಕ್ಕು ಎರಡೂ ನಿಜ. ಅವೆರಡನ್ನೂ ಒಂದೇ ಕಿರಿದಾದ ಪಟ್ಟಿಯಲ್ಲಿ ತುರುಕಿರುವುದೇ ತೊಂದರೆ.

ನಿರ್ಬಂಧ ಯಾರ ಮೇಲೆ?

ಜಾಗ ಸಾಲದಾದಾಗ ಆಡಳಿತ ನಿರ್ಬಂಧ ಹೇರುತ್ತದೆ. ಅದು ಯಾರ ಮೇಲೆ ಬೀಳುತ್ತದೆಂಬುದು ಮುಖ್ಯ.

2013ರಲ್ಲಿ ಕೋಲ್ಕತ್ತಾದಲ್ಲಿ ಸಂಚಾರ ಸುಗಮವಾಗಲೆಂದು 174 ರಸ್ತೆಗಳಲ್ಲಿ ಸೈಕಲ್ಲುಗಳನ್ನೇ ನಿರ್ಬಂಧಿಸಲಾಯಿತು. ಹಾಲು, ಪತ್ರಿಕೆ ಹಾಕುವವರು, ಸಣ್ಣಪುಟ್ಟ ಸರಕು ಸಾಗಿಸುವವರು ಹೊಟ್ಟೆಪಾಡಿಗೇ ಪೆಟ್ಟು ಬಿದ್ದಿತೆಂದು ಪ್ರತಿಭಟಿಸಿದರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಇದಕ್ಕೆ ತದ್ವಿರುದ್ಧ ಪ್ರಯೋಗ ನಡೆಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಮೋಟಾರು ವಾಹನಗಳನ್ನು ತಡೆದು ಬೀದಿಯನ್ನು ನಡೆಯುವವರಿಗೆ ಬಿಡಲಾಯಿತು. ವರ್ತಕರಲ್ಲಿ ಪರವೂ ಇತ್ತು, ವಿರೋಧವೂ ಇತ್ತು. ಗಿರಾಕಿ ಕಾರು ಎಲ್ಲಿ ನಿಲ್ಲಿಸಬೇಕು, ಸರಕಿನ ಗಾಡಿ ಯಾವಾಗ ಬರಬೇಕು ಎಂಬ ಅವರ ಪ್ರಶ್ನೆಗಳು ನ್ಯಾಯವಾದವೇ. ಒಂದು ಬೀದಿಯನ್ನು ಮುಚ್ಚಿದಾಗ ವಾಹನಗಳು ಪಕ್ಕದ ಅಡ್ಡರಸ್ತೆಗೆ ನುಗ್ಗುತ್ತವೆ ಎಂಬ ನಿವಾಸಿಗಳ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಇಂಥ ಬದಲಾವಣೆಯನ್ನು ಮೊದಲು ಪ್ರಯೋಗವಾಗಿ ಮಾಡಿ, ಅಳೆದು ನೋಡುವುದು ಲೇಸು. ಮೋಟಾರು ವಾಹನ ಕಾಯಿದೆಯ 115ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು.

ಬಣ್ಣ ಬಳಿದ ಮಾತ್ರಕ್ಕೆ ಸೈಕಲ್ ಪಥ ಆಗುವುದಿಲ್ಲ ಎಂಬುದಕ್ಕೂ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಜಯನಗರದಲ್ಲಿ ಹಿಂದೆ ಮಾಡಿದ ಸೈಕಲ್ ಪಥಗಳಲ್ಲಿ ಕಾರುಗಳು ಬಂದು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಬೇರ್ಪಡಿಸಿದ ಪಥದೊಳಕ್ಕೆ ಬೈಕುಗಳು ನುಗ್ಗಿದವು. ಆಮೇಲೆ ಮೆಟ್ರೊ ಕಾಮಗಾರಿ ಬಂದು ಆ ಪಥವೇ ಹೋಯಿತು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ಆರಂಭವಾದ 'ಟ್ರಿಣ್ ಟ್ರಿಣ್' ಬಾಡಿಗೆ ಯೋಜನೆ ಊರಿನ ಗಮನ ಸೆಳೆಯಿತು. ಆದರೆ ಸೈಕಲ್ಲು ಕೊಟ್ಟಷ್ಟೇ ಮುಖ್ಯವಾದದ್ದು ಅದು ಓಡಾಡುವ ಜಾಗ. ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಟ್ಟಿತು. ಆ ಸೈಕಲ್ಲೇರಿ ಶಾಲೆ ಮುಗಿಸಿದವರು ನಿಮ್ಮ ಮನೆಯಲ್ಲೇ ಇದ್ದಾರು. ಅವರು ಯಾವ ರಸ್ತೆಯಲ್ಲಿ, ಹೇಗೆ ಹೋಗುತ್ತಿದ್ದರೆಂದು ಕೇಳಿ ನೋಡಿ.

ಒನ್‌ವೇ ಜಗಳ

ಸೈಕಲ್ಲಿನವರ ಮೇಲಿನ ಇನ್ನೊಂದು ದೂರು, ಒನ್‌ವೇಯಲ್ಲಿ ಎದುರಿನಿಂದ ಬರುತ್ತಾರೆ ಎಂಬುದು. ನಿಯಮದ ಪ್ರಕಾರ ಅದು ತಪ್ಪು, ಅಪಾಯವೂ ಹೌದು. ಆದರೆ ಕಾರಣವನ್ನೂ ಗಮನಿಸಿ. 200 ಮೀಟರ್ ದೂರದ ಅಂಗಡಿಗೆ 800 ಮೀಟರ್ ಸುತ್ತಿ ಹೋಗುವುದು ಕಾರಿನವರಿಗೆ ಎರಡು ನಿಮಿಷದ ಮಾತು. ಪೆಡಲ್ ತುಳಿಯುವವರಿಗೆ ಅದು ಬೆವರು. ನಮ್ಮ ಬೀದಿಗಳ ಏಕಮುಖ ಸಂಚಾರ ರೂಪುಗೊಂಡಿರುವುದು ಮುಖ್ಯವಾಗಿ ಮೋಟಾರು ವಾಹನಗಳನ್ನು ಗಮನದಲ್ಲಿಟ್ಟುಕೊಂಡು. ಫ್ರಾನ್ಸಿನಲ್ಲಿ 2008ರ ಬದಲಾವಣೆಯೊಂದರಿಂದ, ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳ ಏಕಮುಖ ಬೀದಿಗಳಲ್ಲಿ ಸೈಕಲ್ಲುಗಳು ಎರಡೂ ದಿಕ್ಕಿಗೆ ಹೋಗಬಹುದೆಂದಾಯಿತು. ಸ್ಥಳೀಯ ಆಡಳಿತ ಬೇಡವೆಂದ ಕಡೆ ಮಾತ್ರ ಇಲ್ಲ. ವಾಹನಗಳ ವೇಗ ಇಳಿಸಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಅಂಥ ಏರ್ಪಾಡು ಆಗುವವರೆಗೆ ಎದುರು ದಿಕ್ಕಿನಲ್ಲಿ ಹೋಗಬೇಡಿ. ಆದರೆ ಏರ್ಪಾಡು ಬೇಕೆಂದು ಕೇಳಲು ಅಡ್ಡಿಯೇನಿಲ್ಲ.

ನಿಮ್ಮ ಕೈಲಾಗುವುದು

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕೃಷಿ ಮತ್ತು ಗೃಹೋದ್ಯಮಗಳನ್ನು ಬಿಟ್ಟು ಇತರ ಕೆಲಸಗಳಿಗೆ ಹೋಗುವವರಲ್ಲಿ ನೂರಕ್ಕೆ 22ಕ್ಕೂ ಹೆಚ್ಚು ಮಂದಿ ನಡೆದು, ಸುಮಾರು 13 ಮಂದಿ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಇಬ್ಬರನ್ನೂ ಸೇರಿಸಿದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಇಷ್ಟು ದೊಡ್ಡ ಸಮೂಹ ತನ್ನೊಳಗೇ ಜಗಳವಾಡಿಕೊಂಡರೆ ಲಾಭ ಯಾರಿಗೆ?

ಒಂದು ಅಳತೆ ಟೇಪು, ನೋಟ್ ಪುಸ್ತಕ, ಮೂವರು ಗೆಳೆಯರು ಇದ್ದರೆ ಸಾಕು. ನಿಮ್ಮ ಶಾಲೆಯ ಅಥವಾ ಕಾಲೇಜಿನ ರಸ್ತೆಯಲ್ಲಿ ಪ್ರತಿ 20 ಮೀಟರಿಗೆ ಫುಟ್‌ಪಾತಿನ ನಿಜವಾದ ಅಗಲವನ್ನು, ಅಂದರೆ ಅಡೆತಡೆ ಬಿಟ್ಟು ಉಳಿದ ಅಗಲವನ್ನು ಅಳೆಯಿರಿ. ನಿಂತ ವಾಹನಗಳು ಎಷ್ಟು ಮೀಟರ್ ತೆಗೆದುಕೊಂಡಿವೆ ನೋಡಿ. ಬೆಳಿಗ್ಗೆ, ಸಂಜೆ 15 ನಿಮಿಷ ನಿಂತು ನಡೆಯುವವರನ್ನು, ಸೈಕಲ್ಲುಗಳನ್ನು, ಬೈಕು ಕಾರುಗಳನ್ನು ಎಣಿಸಿ. ಎಷ್ಟು ಜನ ಫುಟ್‌ಪಾತಿನಿಂದ ಕೆಳಗಿಳಿದರು, ಎಷ್ಟು ಸೈಕಲ್ಲು ಮೇಲೆ ಹತ್ತಿದವು, ಎಲ್ಲಿ ಎಂಬುದನ್ನು ಗುರುತು ಹಾಕಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಗುರುತು ಬಿದ್ದರೆ, ತೊಂದರೆ ಇರುವುದು ಅಲ್ಲಿ. ಆ ಕಾಗದವನ್ನು ನಗರ ಪಾಲಿಕೆಗೆ, ಸಂಚಾರ ಪೊಲೀಸ್ ಠಾಣೆಗೆ ಕೊಡಿ. "ಜನಕ್ಕೆ ಶಿಸ್ತಿಲ್ಲ" ಎಂಬ ದೂರಿಗಿಂತ "ಈ ಕಂಬದ ಬಳಿ ಕೇವಲ 60 ಸೆಂಟಿಮೀಟರ್ ಉಳಿದಿದೆ" ಎಂಬ ಮಾತಿಗೆ ಉತ್ತರ ಕೊಡುವುದು ಅನಿವಾರ್ಯವಾಗುತ್ತದೆ.

ನನ್ನ ಮಗಳೂ ಅಳೆದಳು. ಅಜ್ಜಿ ಬಿದ್ದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಬಿಟ್ಟು ಉಳಿದಿದ್ದುದು ಅಷ್ಟೇ, 60 ಸೆಂಟಿಮೀಟರ್. ಅಲ್ಲಿ ಒಬ್ಬರು ನಡೆಯುವುದೇ ಕಷ್ಟ. ಅರ್ಜಿ ಕೊಟ್ಟಿದ್ದೇವೆ, ಟ್ರಾನ್ಸ್‌ಫಾರ್ಮರ್ ಇನ್ನೂ ಅಲ್ಲೇ ಇದೆ. ಈಗ ಅವಳು ಆ ಭಾಗದಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾಳೆ. ನನ್ನ ತಾಯಿ ಮತ್ತೆ ದೇವಸ್ಥಾನಕ್ಕೆ ಹೋಗತೊಡಗಿದ್ದಾರೆ, ಆದರೆ ಬೆಳಿಗ್ಗೆ ಆರು ಗಂಟೆಗೆ, ರಸ್ತೆಯಲ್ಲಿ ವಾಹನಗಳು ಏಳುವ ಮೊದಲು. ಅವರ ಸಂಜೆಯ ನಡಿಗೆ ಇನ್ನೂ ವಾಪಸು ಬಂದಿಲ್ಲ.