ಸ್ವಾಪ್‌ಗೆ ಫ್ಲ್ಯಾಶ್ ಸ್ಮರಣಕೋಶ: ಬ್ಯಾಟರಿ ಎಷ್ಟು ಉಳಿದೀತು?

ಹುಬ್ಬಳ್ಳಿ-ಧಾರವಾಡ ಅವಳಿನಗರ ವಿದ್ಯಾರ್ಥಿಗಳ ಊರು. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐಐಐಟಿ ಧಾರವಾಡ, 2016ರಲ್ಲಿ ಐಐಟಿ ಧಾರವಾಡ ಆರಂಭಗೊಂಡವು. ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಓದು ಮುಗಿಸಬೇಕಾದ ವಿದ್ಯಾರ್ಥಿಗೆ ಬ್ಯಾಟರಿಯೇ ದೊಡ್ಡ ಚಿಂತೆ. ಮುಂಗಾರುಪೂರ್ವ ಗಾಳಿಮಳೆಗೆ ವಿದ್ಯುತ್ ಕೈಕೊಟ್ಟಾಗ, ಅಥವಾ ಹೆಸ್ಕಾಂ ನಿರ್ವಹಣೆ ಕಾಮಗಾರಿಗೆಂದು ಪೂರೈಕೆ ನಿಲ್ಲಿಸಿದ ದಿನ, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೀಗಾಗಿ ಹಳೆಯ ಯಂತ್ರಗಳಿಗೆ ಲಿನಕ್ಸ್ ಅಳವಡಿಸುವ ಯೋಚನೆ ಹಲವರದು. ಲಿನಕ್ಸ್ ಬಳಕೆದಾರರಲ್ಲಿ ಬಹುಕಾಲದಿಂದ ಇರುವ ಒಂದು ಉಪಾಯವೆಂದರೆ, ಸ್ವಾಪ್ ಜಾಗವನ್ನು ಹಾರ್ಡ್ ಡಿಸ್ಕ್‌ನಿಂದ ಪೆನ್ ಡ್ರೈವ್‌ಗೋ ಎಸ್‌ಡಿ ಕಾರ್ಡ್‌ಗೋ ವರ್ಗಾಯಿಸಿ ಬ್ಯಾಟರಿ ಉಳಿಸುವುದು. ಇದರಿಂದ ನಿಜವಾಗಿ ಎಷ್ಟು ಲಾಭ?

ಏನಿದು ಸ್ವಾಪ್?

ಕಿರಾಣಿ ಅಂಗಡಿಯವರು ಪದೇ ಪದೇ ಬೇಕಾಗುವ ಸಾಮಾನನ್ನು ಕೈಗೆಟುಕುವಲ್ಲಿ ಇಟ್ಟು, ಉಳಿದುದನ್ನು ಹಿಂದಿನ ಗೋದಾಮಿಗೆ ಸಾಗಿಸುತ್ತಾರೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ರ‍್ಯಾಮ್ ತುಂಬುತ್ತ ಬಂದಾಗ, ಸದ್ಯಕ್ಕೆ ಬೇಡದ ಮಾಹಿತಿಯನ್ನು ಹಾರ್ಡ್ ಡಿಸ್ಕ್‌ನ ಒಂದು ಭಾಗಕ್ಕೆ ಕಳುಹಿಸಿ, ಬೇಕಾದಾಗ ಮರಳಿ ತರುತ್ತದೆ. ಈ ಗೋದಾಮೇ ಸ್ವಾಪ್. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಪೇಜ್ ಫೈಲ್ ಇದೆ.

ಹಾರ್ಡ್ ಡಿಸ್ಕ್ ಒಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಲ್ಯಾಪ್‌ಟಾಪ್‌ನ ಡಿಸ್ಕ್ ಓದು-ಬರಹದ ವೇಳೆ ಸುಮಾರು 2 ವ್ಯಾಟ್, ಸುಮ್ಮನೆ ತಿರುಗುವಾಗ 1 ವ್ಯಾಟ್‌ನ ಆಸುಪಾಸು ಬಳಸುತ್ತದೆ. ತಿರುಗುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋದರೆ ಬಳಕೆ ಕಾಲು ವ್ಯಾಟ್‌ಗಿಂತ ಕೆಳಗಿಳಿಯುತ್ತದೆ. ಆದರೆ ಮತ್ತೆ ತಿರುಗಲು ಆರಂಭಿಸುವ ಕೆಲವು ಕ್ಷಣ ಸುಮಾರು 5 ವ್ಯಾಟ್ ಬೇಕು. ಸ್ವಾಪ್‌ಗಾಗಿ ಡಿಸ್ಕನ್ನು ಪದೇ ಪದೇ ಎಬ್ಬಿಸಿದರೆ ವಿಶ್ರಾಂತಿಯ ಲಾಭ ಕರಗಿಹೋಗುತ್ತದೆ. ಫ್ಲ್ಯಾಶ್‌ನಲ್ಲಿ ತಿರುಗುವ ಭಾಗಗಳೇ ಇಲ್ಲ. ಆದ್ದರಿಂದ ಸ್ವಾಪನ್ನು ಅಲ್ಲಿಗೆ ಒಯ್ದರೆ ಡಿಸ್ಕ್ ನೆಮ್ಮದಿಯಾಗಿ ಮಲಗಬಹುದು ಎಂಬುದೇ ಉಪಾಯದ ತಿರುಳು.

ಲೆಕ್ಕ ಏನು ಹೇಳುತ್ತದೆ?

ತರ್ಕ ಸರಿಯಾದರೂ ಡಿಸ್ಕನ್ನು ಎಬ್ಬಿಸುವುದು ಸ್ವಾಪ್ ಒಂದೇ ಅಲ್ಲ. ಬ್ರೌಸರ್ ತನ್ನ ತಾತ್ಕಾಲಿಕ ಕಡತಗಳನ್ನು, ವ್ಯವಸ್ಥೆ ತನ್ನ ದಿನಚರಿಯನ್ನು ಡಿಸ್ಕ್ ಮೇಲೆ ಬರೆಯುತ್ತಲೇ ಇರುತ್ತವೆ. ಈ ಬರಹಗಳನ್ನು ಒಟ್ಟುಗೂಡಿಸಿ ಒಮ್ಮೆಲೇ ಬರೆಯುವ ‘ಲ್ಯಾಪ್‌ಟಾಪ್ ಮೋಡ್’ ಸೌಲಭ್ಯ ಲಿನಕ್ಸ್‌ನಲ್ಲಿದೆ. ಅದನ್ನು ಬಳಸದೆ ಸ್ವಾಪ್ ಮಾತ್ರ ಬದಲಿಸಿದರೆ ಡಿಸ್ಕ್‌ಗೆ ನಿದ್ರೆ ದೊರೆಯದು.

ಎಲ್ಲವೂ ಅಂದುಕೊಂಡಂತೆ ನಡೆಯಿತು ಎನ್ನೋಣ. 48 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಒಟ್ಟು 16 ವ್ಯಾಟ್ ಬಳಸುತ್ತಿದ್ದರೆ 3 ಗಂಟೆ ನಡೆಯುತ್ತದೆ. ಪೆನ್ ಡ್ರೈವ್ ಮತ್ತು ಯುಎಸ್‌ಬಿ ಕಿಂಡಿಯ ಬಳಕೆಯನ್ನು ಕಳೆದು ಅರ್ಧ ವ್ಯಾಟ್ ಉಳಿದರೆ ಸಿಗುವುದು ಸುಮಾರು 6 ನಿಮಿಷ. ಅದೇ ಯಂತ್ರದಲ್ಲಿ ಪರದೆಯ ಬೆಳಕು ತಗ್ಗಿಸಿ 2 ವ್ಯಾಟ್ ಉಳಿಸಿದರೆ ಸುಮಾರು 26 ನಿಮಿಷ ದೊರೆಯುತ್ತದೆ! ಬ್ಯಾಟರಿಯ ಸಾಮರ್ಥ್ಯ ಅರ್ಧಕ್ಕಿಳಿದಿದ್ದರೆ ಈ ಲಾಭಗಳೂ ಅರ್ಧವಾಗುತ್ತವೆ.

ಸವಕಳಿ, ಅಪಾಯ

ಫ್ಲ್ಯಾಶ್‌ನ ಪ್ರತಿ ಕೋಶವನ್ನೂ ಅಳಿಸಿ ಬರೆಯಲು ಒಂದು ಮಿತಿಯಿದೆ. ಅಗ್ಗದ ಬಗೆಗಳಲ್ಲಿ ಅದು ಸಾವಿರದಿಂದ ಕೆಲವು ಸಾವಿರ ಸಲ ಮಾತ್ರ. ಎಸ್‌ಎಸ್‌ಡಿಗಳು ಬರಹದ ಭಾರವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತವೆ. ಸಾಮಾನ್ಯ ಪೆನ್ ಡ್ರೈವ್‌ಗಳಲ್ಲಿ ಈ ವ್ಯವಸ್ಥೆ ದುರ್ಬಲ. ಚದುರಿದ ಸಣ್ಣ ಸಣ್ಣ ಬರಹಗಳಲ್ಲಿ ಅವು ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನವಾಗಬಹುದು. ಸ್ವಾಪ್ ಬಳಕೆಯಲ್ಲಿರುವಾಗ ಯಾರಾದರೂ ಪೆನ್ ಡ್ರೈವನ್ನು ಕಿತ್ತರೆ ಕಾರ್ಯಕ್ರಮಗಳು ಸ್ಥಗಿತಗೊಂಡು, ಉಳಿಸದ ಬರಹವೆಲ್ಲ ಕೈತಪ್ಪುತ್ತದೆ. ಗೂಢಲಿಪಿಯ ರಕ್ಷಣೆ ಇಲ್ಲದಿದ್ದರೆ ಖಾಸಗಿ ಮಾಹಿತಿಯ ತುಣುಕುಗಳು ಅದರಲ್ಲಿ ಉಳಿದುಕೊಳ್ಳುತ್ತವೆ.

2007ರಲ್ಲಿ ವಿಂಡೋಸ್ ವಿಸ್ತಾ ಜತೆ ಬಂದ ‘ರೆಡಿಬೂಸ್ಟ್’ ಈ ಅಪಾಯವನ್ನು ಬೇರೆ ರೀತಿಯಲ್ಲಿ ನಿವಾರಿಸಿತ್ತು. ಅದು ಪೆನ್ ಡ್ರೈವ್‌ನಲ್ಲಿ ಇಡುತ್ತಿದ್ದುದು ಗೂಢಲಿಪಿಯಲ್ಲಿದ್ದ ನಕಲನ್ನು ಮಾತ್ರ. ಮೂಲ ಮಾಹಿತಿ ಡಿಸ್ಕ್‌ನಲ್ಲೇ ಇರುತ್ತಿದ್ದುದರಿಂದ ಪೆನ್ ಡ್ರೈವ್ ಕಿತ್ತರೂ ನಷ್ಟವಾಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಸ್ವಾಪ್ ಅಗತ್ಯವನ್ನೇ ಕಡಿಮೆ ಮಾಡಿ. 2 ಅಥವಾ 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ, ಅವಕಾಶವಿದ್ದರೆ, ಇನ್ನೊಂದು ರ‍್ಯಾಮ್ ಪಟ್ಟಿ ಸೇರಿಸಿ. ಎರಡನೆಯದಾಗಿ, ರ‍್ಯಾಮ್‌ನಲ್ಲೇ ಮಾಹಿತಿಯನ್ನು ಸಂಕುಚಿಸಿ ಇಡುವ ‘ಝಡ್‌ರ‍್ಯಾಮ್’ ಬಳಸಿ. 2014ರಲ್ಲಿ ಲಿನಕ್ಸ್‌ನ ಮುಖ್ಯ ಕರ್ನಲ್‌ಗೆ ಸೇರಿದ ಈ ಸೌಲಭ್ಯಕ್ಕೆ ಖರ್ಚಿಲ್ಲ. ಮೂರನೆಯದಾಗಿ, ಸಾಧ್ಯವಾದಾಗ ಹಾರ್ಡ್ ಡಿಸ್ಕ್ ತೆಗೆಸಿ 2.5 ಇಂಚಿನ ಎಸ್‌ಎಸ್‌ಡಿ ಹಾಕಿಸಿ. ಆಗ ಸ್ವಾಪ್ ಜತೆಗೆ ಇಡೀ ವ್ಯವಸ್ಥೆಯೇ ಫ್ಲ್ಯಾಶ್ ಮೇಲೆ ನಡೆಯುತ್ತದೆ. ಯಂತ್ರದ ವೇಗವೂ ಗಮನಾರ್ಹವಾಗಿ ಹೆಚ್ಚುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಈಗಾಗಲೇ ಎಸ್‌ಎಸ್‌ಡಿ ಇದ್ದರೆ ಸ್ವಾಪ್‌ಗೆ ಪೆನ್ ಡ್ರೈವ್ ಬೇಕಾಗಿಯೇ ಇಲ್ಲ. ಹಳೆಯ ಡಿಸ್ಕ್‌ನಲ್ಲೇ ದಿನ ತಳ್ಳಬೇಕಾದವರು ಪರದೆಯ ಬೆಳಕು ತಗ್ಗಿಸಿ, ಬೇಡದ ಬ್ರೌಸರ್ ಪುಟಗಳನ್ನು ಮುಚ್ಚುವುದರಿಂದ ಆರಂಭಿಸಲಿ. ಅಷ್ಟಾದ ಮೇಲೂ ಬ್ಯಾಟರಿ ಬೇಗ ಬರಿದಾದರೆ, ಪೆನ್ ಡ್ರೈವ್‌ಗೆ ಸುರಿಯುವ ಹಣವನ್ನು ಹೊಸ ಬ್ಯಾಟರಿಗಾಗಿ ಕೂಡಿಡುವುದೇ ಜಾಣತನ.