ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲ್ ಬೇಡ

ಎರಡು ವರ್ಷ ದಾಟಿದ ಮಗು. ಮೊಬೈಲ್‌ನಲ್ಲಿ ಬೇಕಾದ ವಿಡಿಯೋವನ್ನು ತಾನೇ ತೆಗೆಯುತ್ತದೆ, ಜಾಹೀರಾತು ಬಂದರೆ ಬೆರಳಿನಿಂದ ದಾಟಿಸುತ್ತದೆ, ಇಂಗ್ಲಿಷಿನಲ್ಲಿ ಹತ್ತರವರೆಗೆ ಎಣಿಸುತ್ತದೆ. ಮನೆಯವರಿಗೆಲ್ಲ ಹೆಮ್ಮೆ. ಆದರೆ ಬಾಯಾರಿದಾಗ 'ನೀರು ಬೇಕು' ಎನ್ನಲು ಅದಕ್ಕೆ ಬಾರದು. ತಾಯಿಯ ಕೈ ಹಿಡಿದು ಎಳೆಯುತ್ತದೆ. ಇಂತಹ ಮಕ್ಕಳು ಇಂದು ಅನೇಕ ಮನೆಗಳಲ್ಲಿದ್ದಾರೆ.

ಮಗು ಮಾತು ಕಲಿಯುವುದು ಮಾತಿನ ಕೊಡು-ಕೊಳ್ಳುವಿಕೆಯಿಂದ. ಅದು 'ಬಾ ಬಾ' ಎಂದಾಗ ತಾಯಿ ಮುಖ ನೋಡಿ ನಗುತ್ತಾಳೆ, ತಿರುಗಿ ಏನೋ ಹೇಳುತ್ತಾಳೆ, ಮಗು ಮತ್ತೆ ಉತ್ತರಿಸುತ್ತದೆ. ವಿಡಿಯೋ ಎಷ್ಟು ಮಾತನಾಡಿದರೂ ಮಗುವಿನ ಮಾತಿಗೆ ಕಾಯುವುದಿಲ್ಲ, ಉತ್ತರ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಬ್ಯಾರಿ, ಉರ್ದು, ನವಾಯತಿ, ಕನ್ನಡ ಹೀಗೆ ಹಲವು ಭಾಷೆಗಳಿವೆ. ಮಕ್ಕಳಿಗೆ ಇವೆಲ್ಲವನ್ನೂ ಕಲಿಯುವ ಶಕ್ತಿಯಿದೆ. ಆದರೆ ಆ ಭಾಷೆಯಲ್ಲಿ ಅವರೊಂದಿಗೆ ಮಾತನಾಡುವವರು ಬೇಕು.

ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ತಜ್ಞರ ಸಂಘಟನೆಯ ಸಲಹೆಯೂ ಬಹುತೇಕ ಹೀಗೆಯೇ ಇದೆ. ಗಲ್ಫ್‌ನಲ್ಲಿರುವ ತಂದೆಯೊಂದಿಗೆ ಆಗಾಗ ವಿಡಿಯೋ ಕಾಲ್ ಮಾಡುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಮಗುವಿನ ಮಾತಿಗೆ ಉತ್ತರ ಕೊಡುವ ಮನುಷ್ಯನಿದ್ದಾನೆ.

ಊಟದಿಂದ ಆರಂಭಿಸಿ

ಮೊಬೈಲ್ ತೋರಿಸಿದರೆ ಮಗು ಬಾಯಿ ತೆರೆಯುತ್ತದೆ, ತಟ್ಟೆ ಖಾಲಿಯಾಗುತ್ತದೆ, ನಿಜ. ಆದರೆ ಏನು ತಿಂದೆ, ಹೊಟ್ಟೆ ತುಂಬಿತೇ ಎಂಬ ಅರಿವು ಮಗುವಿಗೆ ಇರುವುದಿಲ್ಲ. ಕೆಲವು ಮಕ್ಕಳು ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಾರೆ. ಇನ್ನು ಕೆಲವರು ಮೊಬೈಲ್ ಇಲ್ಲದೆ ತಿನ್ನುವುದೇ ಇಲ್ಲ. ದಿನಕ್ಕೆ ಮೂರು ಊಟವೆಂದರೆ ಮೂರು ಬಾರಿ ಮಗುವಿನೊಂದಿಗೆ ಮಾತನಾಡುವ ಅವಕಾಶ. 'ಇದು ಅನ್ನ', 'ಸಾರು ಬಿಸಿ', 'ಇನ್ನೂ ಬೇಕಾ?' ಇಷ್ಟೇ ಸಾಕು.

ಮೊಬೈಲ್ ನಿಲ್ಲಿಸಿದ ಮೊದಲ ಕೆಲವು ದಿನ ಮಗು ಅಳುತ್ತದೆ, ಕಡಿಮೆ ತಿನ್ನುತ್ತದೆ. ಆರೋಗ್ಯವಂತ ಮಗು ಒಂದು ಹೊತ್ತು ಕಡಿಮೆ ತಿಂದರೆ ಗಾಬರಿ ಬೇಡ, ಹಸಿವಾದಾಗ ತಿನ್ನುತ್ತದೆ. ಆದರೆ ಮನೆಯವರೆಲ್ಲರ ನಿಲುವು ಒಂದೇ ಆಗಿರಬೇಕು. ತಾಯಿ ಬೇಡವೆಂದದ್ದನ್ನು ಅಜ್ಜಿ ಕೊಟ್ಟರೆ, ಜೋರಾಗಿ ಅತ್ತರೆ ಸಿಗುತ್ತದೆ ಎಂಬುದನ್ನಷ್ಟೇ ಮಗು ಕಲಿಯುತ್ತದೆ.

ನಿದ್ದೆ ಮತ್ತು ಕಣ್ಣು

ಮೂರು-ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಪರದೆಯ ಬೆಳಕು ನಿದ್ದೆಯನ್ನು ದೂರ ತಳ್ಳುತ್ತದೆ. ಆದ್ದರಿಂದ ಮಲಗುವ ಒಂದು ಗಂಟೆ ಮೊದಲೇ ಮೊಬೈಲ್, ಟಿ.ವಿ. ನಿಲ್ಲಿಸಿ. ಹತ್ತಿರದ ವಸ್ತುವನ್ನೇ ದಿಟ್ಟಿಸಿ ನೋಡುವಾಗ ಮಕ್ಕಳು ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಕಡಿಮೆ. ಅಸರ್ ನಂತರ ಮಗ್ರಿಬ್ ತನಕ ಅಂಗಳದಲ್ಲೋ ಟೆರೇಸಿನಲ್ಲೋ, ದೊಡ್ಡವರೊಬ್ಬರ ಕಣ್ಗಾವಲಿನಲ್ಲಿ ಅವರು ಆಡಲಿ.

ಮನೆಯಲ್ಲಿ ಹೀಗೆ ಮಾಡಿ

• ತೋರಿಸುವುದಾದರೆ ಜೊತೆಗೆ ಕುಳಿತು ತೋರಿಸಿ; ಕಂಡದ್ದರ ಬಗ್ಗೆ ಮಾತನಾಡಿ.
• ಒಂದು ವಿಡಿಯೋ ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗುವ ಸೌಲಭ್ಯವನ್ನು ಆಫ್ ಮಾಡಿ.
• ಥಟ್ಟನೆ ಕಸಿಯಬೇಡಿ. 'ಇದು ಮುಗಿದ ಮೇಲೆ ಇಡೋಣ' ಎಂದು ಮೊದಲೇ ಹೇಳಿ, ಹೇಳಿದಂತೆ ಇಡಿ.
• ಅಡುಗೆಯ ಹೊತ್ತಿನಲ್ಲಿ ಮಗುವಿಗೆ ಪಾತ್ರೆ, ಚಮಚ, ಬಟಾಟೆ ಕೊಡಿ. ಬಟ್ಟೆ ಮಡಚುವಾಗ ಜೊತೆಗೆ ಕೂರಿಸಿ.
• ಊಟದ ಹೊತ್ತಿನಲ್ಲಿ ದೊಡ್ಡವರ ಮೊಬೈಲ್ ಕೂಡ ಬೇರೆ ಕೋಣೆಯಲ್ಲಿರಲಿ. ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.

ಯಾವಾಗ ವೈದ್ಯರನ್ನು ಕಾಣಬೇಕು?

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದೂ ಪದ ಆಡದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದಿದ್ದರೆ ಕಾಯಬೇಡಿ. ಎಲ್ಲದಕ್ಕೂ ಮೊಬೈಲನ್ನೇ ದೂರಿ ಸುಮ್ಮನಾಗುವುದೂ ತಪ್ಪು. ಕಿವಿ ಕೇಳದಿರುವುದು, ಆಟಿಸಂ ಮುಂತಾದ ಕಾರಣಗಳೂ ಇರಬಹುದು. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮತ್ತು ತರಬೇತಿ ಎರಡೂ ಇವೆ. ಬೇಗ ಗುರುತಿಸಿದಷ್ಟು ಮಗುವಿಗೆ ಹೆಚ್ಚು ಪ್ರಯೋಜನ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಇವತ್ತಿನ ರಾತ್ರಿಯ ಊಟವನ್ನು ಮೊಬೈಲ್ ಇಲ್ಲದೆ ಮಾಡಿಸಿ. ನಾಳೆ ಇನ್ನೊಂದು ಊಟ.